ಮೂರನೆಯ ಲ್ಯಾಪ್‌ಟಾಪ್: ಕೋರ್‌ಬೂಟ್ ಹಾಕಿದ್ದು, ಕೆಡಿಸಿದ್ದು, ಸರಿಪಡಿಸಿದ್ದು

ಮಂಡ್ಯದಲ್ಲಿ ಅಕ್ಕ ತನ್ನ ಮನೆಯ ಮುಂದಿನ ಕೋಣೆಯನ್ನು ಸಂಜೆ ಹೊತ್ತು ಬೀದಿಯ ಮಕ್ಕಳಿಗೆ ಓದಲು ಬಿಟ್ಟುಕೊಟ್ಟಿದ್ದಾಳೆ. ಅಲ್ಲಿ ನಾಲ್ಕು ಥಿಂಕ್‌ಪ್ಯಾಡ್ ಎಕ್ಸ್230 ಲ್ಯಾಪ್‌ಟಾಪ್‌ಗಳಿವೆ. 2012ರ ಮಾದರಿ, ಹಳೆಯದಾದರೂ ಗಟ್ಟಿ. ನಾಲ್ಕಕ್ಕೂ ತಯಾರಕರ ಬಯಾಸ್ (ಗುಂಡಿ ಒತ್ತಿದೊಡನೆ ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ತೆಗೆದು, ಅದರ ಜಾಗಕ್ಕೆ ಕೋರ್‌ಬೂಟ್ ಎಂಬ ಮುಕ್ತ ತಂತ್ರಾಂಶ ಹಾಕುವುದು, ಹೊಸ ಆವೃತ್ತಿ ಬಂದಾಗ ಬದಲಾಯಿಸುವುದು ನನ್ನ ಪಾಲಿನ ಕೆಲಸ. 2024ರ ಜುಲೈನಿಂದ ನವೆಂಬರ್‌ವರೆಗೆ ನೋಟ್‌ಪುಸ್ತಕದಲ್ಲಿ ಗುರುತು ಹಾಕಿಕೊಂಡದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಮೂರನೆಯ ಯಂತ್ರದಲ್ಲಿ ನಾನು ಮಾಡಿದ ಒಂದು ತಪ್ಪಿನಿಂದ ಮಕ್ಕಳಿಗೆ ಎರಡು ವಾರ ತೊಂದರೆಯಾಯಿತು. ಇದೇ ಕೆಲಸಕ್ಕೆ ಕೈ ಹಾಕುವವರು ಆ ಭಾಗವನ್ನು ಮಾತ್ರ ಓದಿದರೂ ಸಾಕು.

6 ಜುಲೈ 2024, ಶನಿವಾರ. ಮೈಸೂರು, ಸರಸ್ವತೀಪುರಂ

ಎರಡನೆಯ ಯಂತ್ರದ ವೈಫೈ ಕಾರ್ಡ್ ಸತ್ತಿತ್ತು. 450 ರೂಪಾಯಿ ಕೊಟ್ಟು ಬೇರೆ ಕಾರ್ಡ್ ತಂದು ಹಾಕಿದೆ. ಯಂತ್ರ ಶುರುವಾಗಲೇ ಇಲ್ಲ; ಪರದೆಯ ಮೇಲೆ 1802 ಎಂಬ ಸಂಖ್ಯೆ, ಅನುಮತಿಯಿಲ್ಲದ ನೆಟ್‌ವರ್ಕ್ ಕಾರ್ಡ್ ಇದೆ, ತೆಗೆಯಿರಿ ಎಂಬ ಸಂದೇಶ. ಈ ಮಾದರಿಯ ಮೂಲ ಬಯಾಸ್‌ನಲ್ಲಿ ಒಪ್ಪಿತ ಕಾರ್ಡ್‌ಗಳ ಪಟ್ಟಿಯೊಂದಿದೆ, ಅದರಲ್ಲಿ ಇಲ್ಲದ ಕಾರ್ಡ್ ಕಂಡರೆ ಅಲ್ಲೇ ನಿಲ್ಲುತ್ತದೆ. ಕೋರ್‌ಬೂಟ್‌ನಲ್ಲಿ ಆ ಪಟ್ಟಿ ಇಲ್ಲ. ಬಹಳ ದಿನಗಳಿಂದ ಮನಸ್ಸಿನಲ್ಲಿದ್ದ ಕೆಲಸಕ್ಕೆ ಇದೇ ನೆಪವಾಯಿತು. ನಾಲ್ಕನ್ನೂ ಮೈಸೂರಿಗೆ ತಂದುಕೊಂಡೆ.

ಕೀಬೋರ್ಡ್ ಮತ್ತು ಕೈ ಊರುವ ಮೇಲ್ಹಲಗೆ ಬಿಚ್ಚಿದರೆ ಕಪ್ಪು ಹಾಳೆಯ ಕೆಳಗೆ ಬಯಾಸ್ ಇರುವ, ಎಂಟು ಕಾಲಿನ ಎರಡು ಚಿಪ್‌ಗಳು ಸಿಗುತ್ತವೆ. ಪರದೆಯ ಕಡೆಗಿರುವುದು 4 ಎಂಬಿ, ನಮ್ಮ ಕಡೆಗಿರುವುದು 8 ಎಂಬಿ. ಎರಡೂ ಸೇರಿ 12 ಎಂಬಿಯ ಒಂದೇ ಉದ್ದನೆಯ ಜಾಗ ಎಂದು ಯಂತ್ರ ತಿಳಿಯುತ್ತದೆ. ಆ ಜಾಗದ ಹಂಚಿಕೆಯನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟುಕೊಂಡೆ, ಮುಂದೆ ಇದೇ ಮುಖ್ಯವಾಯಿತು:

- ಮೊದಲ 4 ಕೆಬಿ: ಡಿಸ್ಕ್ರಿಪ್ಟರ್, ಅಂದರೆ ಯಾವ ಭಾಗ ಎಲ್ಲಿದೆ, ಯಾರು ಬರೆಯಬಹುದು ಎಂಬ ನಕ್ಷೆ
- ನಂತರದ 8 ಕೆಬಿ: ಜಿಬಿಇ, ಅಂದರೆ ತಂತಿಯ ನೆಟ್‌ವರ್ಕ್‌ನ ಸಂಯೋಜನೆ, ಆ ಯಂತ್ರದ ಮ್ಯಾಕ್ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಇರುವುದು ಇಲ್ಲಿಯೇ
- ಅಲ್ಲಿಂದ 5 ಎಂಬಿವರೆಗೆ: ಇಂಟೆಲ್ ಎಂಇ, ಅಂದರೆ ಮುಖ್ಯ ಪ್ರೊಸೆಸರ್‌ನಿಂದ ಬೇರೆಯಾಗಿ ನಡೆಯುವ ಸಣ್ಣ ಕಂಪ್ಯೂಟರ್‌ನ ತಂತ್ರಾಂಶ
- ಉಳಿದ 7 ಎಂಬಿ: ಬಯಾಸ್, ಅದರಲ್ಲಿ 3 ಎಂಬಿ ದೊಡ್ಡ ಚಿಪ್‌ನ ಕೊನೆಯಲ್ಲಿ, 4 ಎಂಬಿ ಇಡೀ ಚಿಕ್ಕ ಚಿಪ್‌ನಲ್ಲಿ

7 ಜುಲೈ. ಪ್ರೋಗ್ರಾಮರ್

ಸಿಎಚ್341ಎ ಎಂಬ ಕಪ್ಪು ಬಣ್ಣದ ಅಗ್ಗದ ಪ್ರೋಗ್ರಾಮರ್‌ಗೆ (ಚಿಪ್ ಓದಿ ಬರೆಯುವ ಸಾಧನ) 290 ರೂಪಾಯಿ, ಚಿಪ್‌ನ ಮೇಲೆ ಕಚ್ಚಿ ಕೂರುವ ಕ್ಲಿಪ್‌ಗೆ 380 ರೂಪಾಯಿ ಕೊಟ್ಟಿದ್ದೆ. ಕ್ಲಿಪ್ ಹಾಕುವ ಮೊದಲು ಮಲ್ಟಿಮೀಟರ್ ಹಿಡಿದದ್ದು ಒಳ್ಳೆಯದಾಯಿತು. ವಿದ್ಯುತ್ ಕೊಡುವ ಕಾಲಿನಲ್ಲಿ ಸರಿಯಾಗಿ 3.3 ವೋಲ್ಟ್ ಇತ್ತು, ಮಾಹಿತಿ ಸಾಗುವ ಕಾಲುಗಳಲ್ಲಿ ಮಾತ್ರ 5 ವೋಲ್ಟ್ ಹತ್ತಿರ. ಈ ಚಿಪ್‌ಗಳು 3.3 ವೋಲ್ಟ್‌ನವು. ಬೋರ್ಡಿನ ತಂತಿ ಕತ್ತರಿಸಿ ಸರಿಪಡಿಸುವ ದಾರಿ ಇದೆ. ಅಷ್ಟು ಸಣ್ಣ ಬೆಸುಗೆಗೆ ನನ್ನ ಕೈ ನಿಲ್ಲುವುದಿಲ್ಲ. ಅದನ್ನು ಪಕ್ಕಕ್ಕಿಟ್ಟು, ಮನೆಯಲ್ಲಿದ್ದ ರಾಸ್ಪ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್ ತೆಗೆದೆ. ಅದರ ಕಾಲುಗಳು ಹುಟ್ಟಿನಿಂದಲೇ 3.3 ವೋಲ್ಟ್.

ಜೋಡಿಸಿದ ಕ್ರಮ ಹೀಗೆ, ಎಡಕ್ಕೆ ಚಿಪ್‌ನ ಕಾಲು, ಬಲಕ್ಕೆ ಪೈ ಕಾಲು: 1ಕ್ಕೆ 24, 2ಕ್ಕೆ 21, 4ಕ್ಕೆ 25, 5ಕ್ಕೆ 19, 6ಕ್ಕೆ 23, 8ಕ್ಕೆ 17. ಚಿಪ್‌ನ 3 ಮತ್ತು 7ನ್ನು ಹಾಗೆಯೇ ಬಿಟ್ಟೆ. ಚಿಪ್‌ನ ಮೇಲಿನ ಸಣ್ಣ ಚುಕ್ಕೆಯ ಪಕ್ಕದ್ದು ಒಂದನೆಯ ಕಾಲು. ಲ್ಯಾಪ್‌ಟಾಪ್‌ನ ಬ್ಯಾಟರಿ, ಚಾರ್ಜರ್ ಎರಡನ್ನೂ ತೆಗೆದಿರಲೇಬೇಕು.

13 ಜುಲೈ. ಓದು ಹೊಂದಲಿಲ್ಲ

ಬರೆಯುವ ಮೊದಲು ಓದಬೇಕು. ಒಂದೇ ಚಿಪ್ ಎರಡು ಸಲ ಓದಿ, ಎರಡರ ಎಸ್‌ಎಚ್‌ಎ256 ಮೊತ್ತ (ಕಡತದ ಬೆರಳಚ್ಚಿನಂಥ ಸಂಖ್ಯೆ) ಒಂದೇ ಬರಬೇಕು. ನನಗೆ ಮೂರು ಓದಿಗೆ ಮೂರು ಮೊತ್ತ ಬಂದವು. ಒಮ್ಮೆ ಫ್ಲ್ಯಾಶ್‌ರಾಮ್‌ಗೆ (ಚಿಪ್ ಓದಿ ಬರೆಯುವ ತಂತ್ರಾಂಶ) ಚಿಪ್ ಕಾಣಿಸಲೇ ಇಲ್ಲ.

ಇಡೀ ಮಧ್ಯಾಹ್ನ ಹೋಯಿತು. ಕೊನೆಗೆ ಸರಿಹೋದದ್ದು ಮೂರು ಬದಲಾವಣೆಯಿಂದ. 20 ಸೆಂ.ಮೀ. ತಂತಿಗಳನ್ನು ತೆಗೆದು 10 ಸೆಂ.ಮೀ. ತಂತಿ ಹಾಕಿದೆ (60 ರೂಪಾಯಿ). ಚಿಪ್‌ನ ಕಾಲುಗಳನ್ನು ಐಸೋಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿದೆ (ಬಾಟಲಿಗೆ 110). ಫ್ಲ್ಯಾಶ್‌ರಾಮ್‌ನಲ್ಲಿ ವೇಗವನ್ನು 512 ಕಿಲೋಹರ್ಟ್ಸ್‌ಗೆ ಇಳಿಸಿದೆ. ನಿಧಾನವಾದರೂ ಪರವಾಗಿಲ್ಲ, 8 ಎಂಬಿ ಓದಲು ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಸಾಕು. ಮುಂದೆ ಇನ್ನೊಂದು ತಡೆ: ಒಂದೇ ಚಿಪ್‌ಗೆ ಹಲವು ಹೆಸರು ಹೊಂದುತ್ತವೆ, ಯಾವುದೆಂದು ಹೇಳಿ ಎಂದು ಫ್ಲ್ಯಾಶ್‌ರಾಮ್ ಕೇಳಿತು. ಟಾರ್ಚ್ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಚಿಪ್‌ನ ಬೆನ್ನಿನ ಅಕ್ಷರ ಓದಬಹುದು. ನನ್ನದು ಎಂಎಕ್ಸ್25ಎಲ್6406ಇ.

ರಾತ್ರಿ ಹತ್ತರ ಹೊತ್ತಿಗೆ ನಾಲ್ಕು ಯಂತ್ರಗಳ ಎಂಟು ಚಿಪ್‌ಗಳೂ ಎರಡೆರಡು ಸಲ ಸರಿಯಾಗಿ ಬಂದವು. ಯಂತ್ರಕ್ಕೊಂದು ಫೋಲ್ಡರ್ ಮಾಡಿ ಡೆಸ್ಕ್‌ಟಾಪ್‌ನಲ್ಲಿ ಇಟ್ಟೆ. ಲ್ಯಾಪ್‌ಟಾಪ್‌ಗಳ ತಳಕ್ಕೆ 1, 2, 3, 4 ಎಂದು ಚೀಟಿ ಅಂಟಿಸಿದೆ. ಮ್ಯಾಕ್ ವಿಳಾಸಗಳನ್ನು ಬರೆದುಕೊಳ್ಳಲಿಲ್ಲ. ಬ್ಯಾಕಪ್‌ನಲ್ಲಿ ಇದೆಯಲ್ಲ ಎಂದುಕೊಂಡೆ. ಅಂದು ಐದು ನಿಮಿಷ ಉಳಿಸಿದ್ದಕ್ಕೆ ಅಕ್ಟೋಬರ್‌ನಲ್ಲಿ ಬೆಲೆ ತೆತ್ತೆ.

14 ಮತ್ತು 20 ಜುಲೈ. ಕಟ್ಟುವುದು

ಕೋರ್‌ಬೂಟ್ 24.05 ಇಳಿಸಿಕೊಂಡೆ. ಮೊದಲು ಅದರದೇ ಕಂಪೈಲರ್ (ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶ) ಕಟ್ಟಿಕೊಳ್ಳಬೇಕು; ನನ್ನ ಡೆಸ್ಕ್‌ಟಾಪ್‌ಗೆ ಒಂದೂಕಾಲು ಗಂಟೆ ಹಿಡಿಯಿತು. ಮುಗಿದ ಮೇಲೆ ರಾಮ್ (ROM, ಅಂದರೆ ಚಿಪ್‌ಗೆ ಬರೆಯುವ ಕಡತ) ಕಟ್ಟಲು ಹೋದರೆ ಏಡಾ ಕಂಪೈಲರ್ ಇಲ್ಲ ಎಂದು ನಿಂತಿತು. ಈ ಯಂತ್ರದಲ್ಲಿ ಪರದೆಯನ್ನು ಎಬ್ಬಿಸುವ ಭಾಗ ಏಡಾ ಭಾಷೆಯಲ್ಲಿದೆ. ಡೆಸ್ಕ್‌ಟಾಪ್‌ನಲ್ಲಿ ಮೊದಲೇ ಗ್ನ್ಯಾಟ್ ಎಂಬ ಏಡಾ ಕಂಪೈಲರ್ ಇದ್ದರೆ ಮಾತ್ರ ಕೋರ್‌ಬೂಟ್‌ನ ಕಂಪೈಲರ್ ಏಡಾ ಕಲಿತುಕೊಂಡು ಹುಟ್ಟುತ್ತದೆ. ಆಮೇಲೆ ಸೇರಿಸಿದರೆ ಆಗದು. ಗ್ನ್ಯಾಟ್ ಹಾಕಿ, ಇನ್ನೊಂದು ಒಂದೂಕಾಲು ಗಂಟೆ ಕಾದೆ.

ಎರಡು ಚಿಪ್‌ಗಳ ಬ್ಯಾಕಪ್‌ಗಳನ್ನು ದೊಡ್ಡದು ಮೊದಲು, ಚಿಕ್ಕದು ನಂತರ ಎಂದು ಜೋಡಿಸಿ 12 ಎಂಬಿ ಮಾಡಿ, ಐಎಫ್‌ಡಿಟೂಲ್ ಎಂಬ ಉಪಕರಣದಿಂದ ಭಾಗಗಳನ್ನು ಬೇರ್ಪಡಿಸಿದೆ. ಡಿಸ್ಕ್ರಿಪ್ಟರ್‌ನ ಬೀಗ ತೆಗೆದೆ. ಹೀಗೆ ಮಾಡಿದರೆ ಮುಂದೆ ಯಂತ್ರ ಬಿಚ್ಚದೆ ಒಳಗಿನಿಂದಲೇ ಬರೆಯಬಹುದು. ಎಂಇ ಭಾಗದಲ್ಲಿ ಬೇಡದ್ದನ್ನು ಎಂಇ ಕ್ಲೀನರ್ ಎಂಬ ಉಪಕರಣದಿಂದ ತೆಗೆದೆ, ಜಾಗದ ಅಳತೆ ಬದಲಾಯಿಸಲಿಲ್ಲ. ಅದನ್ನು ಪೂರ್ತಿ ಅಳಿಸುವಂತಿಲ್ಲ, ಅಳಿಸಿದರೆ ಯಂತ್ರ 30 ನಿಮಿಷಕ್ಕೆ ತಾನಾಗಿ ಆರುತ್ತದೆ. ಪೇಲೋಡ್, ಅಂದರೆ ಕೋರ್‌ಬೂಟ್‌ನ ಕೆಲಸ ಮುಗಿದ ಮೇಲೆ ಆಪರೇಟಿಂಗ್ ಸಿಸ್ಟಂ ಎಬ್ಬಿಸುವ ಭಾಗ, ಸೀಬಯಾಸ್. ನಾಲ್ಕು ಯಂತ್ರಗಳಿಗೆ ಅವುಗಳದೇ ಜಿಬಿಇ ಸೇರಿಸಿ ನಾಲ್ಕು ಬೇರೆ ಬೇರೆ ರಾಮ್ ಕಟ್ಟಿದೆ. ಜುಲೈನಲ್ಲಿ ಈ ಎಚ್ಚರ ನನಗಿತ್ತು.

21 ಜುಲೈ. ಮೊದಲ ಬೆಳಕು

ಒಂದನೆಯ ಯಂತ್ರಕ್ಕೆ ಬರೆದೆ. ಬ್ಯಾಟರಿ ಹಾಕಿ ಗುಂಡಿ ಒತ್ತಿದ ಮೇಲೆ ಕೆಲವು ಸೆಕೆಂಡು ಏನೂ ಇಲ್ಲ. ಮೊದಲ ಸಲ ಮೆಮೊರಿಯನ್ನು ಪಳಗಿಸಲು ಹೊತ್ತು ಬೇಕು. ಆ ಫಲಿತಾಂಶ ಚಿಪ್‌ನಲ್ಲೇ ಉಳಿಯುವುದರಿಂದ ಎರಡನೆಯ ಸಲದಿಂದ ಬೇಗ ಏಳುತ್ತದೆ. ಗೊತ್ತಿದ್ದೂ ಎದೆ ಹೊಡೆದುಕೊಂಡಿತು. ನಂತರ ಕಪ್ಪು ಪರದೆಯ ಮೇಲೆ ಸೀಬಯಾಸ್‌ನ ಬಿಳಿ ಅಕ್ಷರಗಳು ಬಂದವು. 1999ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಲಿನಕ್ಸ್‌ಬಯಾಸ್ ಎಂಬ ಹೆಸರಿನಲ್ಲಿ ಹುಟ್ಟಿದ ಕೆಲಸವನ್ನು ಇಷ್ಟು ವರ್ಷ ಯಾರು ಯಾರೋ ಕಾಪಾಡಿಕೊಂಡು ಬಂದದ್ದರಿಂದ ಅಕ್ಕನ ಮನೆಯ ಈ ಯಂತ್ರ ಎದ್ದಿತು. ಆ ಜನರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಸಂಜೆಯೊಳಗೆ ನಾಲ್ಕೂ ಆದವು. ಎರಡನೆಯದರಲ್ಲಿ ಹೊಸ ವೈಫೈ ಕಾರ್ಡ್ ಯಾವ ತಕರಾರೂ ಇಲ್ಲದೆ ಹಿಡಿಯಿತು.

ಮೂರನೆಯದರಲ್ಲಿ ಒಂದು ನಿರಾಶೆ. ಅದಕ್ಕೆ 1,400 ರೂಪಾಯಿಯ ಹೊಂದಾಣಿಕೆಯ ಬ್ಯಾಟರಿ ತಂದಿದ್ದೆ. ಮೂಲ ಬಯಾಸ್‌ನಲ್ಲಿ ಅದು ಚಾರ್ಜ್ ಆಗುತ್ತಿರಲಿಲ್ಲ; ಕೋರ್‌ಬೂಟ್ ಹಾಕಿದರೆ ವೈಫೈನಂತೆ ಇದೂ ಸರಿಹೋಗುತ್ತದೆ ಎಂದು ನಂಬಿದ್ದೆ. ಬ್ಯಾಟರಿಯನ್ನು ಪರೀಕ್ಷಿಸುವುದು ಬಯಾಸ್ ಅಲ್ಲ, ಇಸಿ ಎಂಬ ಬೇರೆಯೇ ಚಿಪ್. ಅದರ ಫರ್ಮ್‌ವೇರನ್ನು ಕೋರ್‌ಬೂಟ್ ಮುಟ್ಟುವುದಿಲ್ಲ. ಮೊದಲೇ ಓದಿಕೊಂಡಿದ್ದರೆ ಹಣ ಉಳಿಯುತ್ತಿತ್ತು. ಆ ಬ್ಯಾಟರಿಯನ್ನು ಹಾಗೆಯೇ ಒಳಗೆ ಬಿಟ್ಟೆ. ಚಾರ್ಜರ್ ಸದಾ ಸಿಕ್ಕಿಸಿರುತ್ತದೆ, ನಡೆಯುತ್ತದೆ ಎಂದುಕೊಂಡೆ.

4 ಆಗಸ್ಟ್. ಮಂಡ್ಯಕ್ಕೆ

ಭೀಮನ ಅಮಾವಾಸ್ಯೆ. ನಾಲ್ಕನ್ನೂ ಎರಡು ಚೀಲದಲ್ಲಿ ಹಾಕಿಕೊಂಡು ರೈಲಿನಲ್ಲಿ ಹೋದೆ. ಶ್ರೀರಂಗಪಟ್ಟಣದ ಸೇತುವೆಯ ಕೆಳಗೆ ಕಾವೇರಿ ತುಂಬಿ ಹರಿಯುತ್ತಿದ್ದಳು. ಒಂದು, ಮೂರು, ನಾಲ್ಕು ಕೋಣೆಯೊಳಗೆ ತಂತಿಯ ನೆಟ್‌ವರ್ಕ್‌ಗೆ, ಎರಡನೆಯದು ಜಗಲಿಯಲ್ಲಿ ವೈಫೈಗೆ. ಎರಡು ತಿಂಗಳು ಒಂದು ದೂರೂ ಬರಲಿಲ್ಲ.

13 ಅಕ್ಟೋಬರ್, ಭಾನುವಾರ. ಕರೆಂಟು ಹೋಯಿತು

ಜಂಬೂಸವಾರಿಯ ಮರುದಿನ. ಮಕ್ಕಳಿಗೆ ದಸರಾ ರಜೆ, ಕೋಣೆ ಖಾಲಿ. ಕೋರ್‌ಬೂಟ್‌ನ ಹೊಸ ಆವೃತ್ತಿ 24.08 ಹಾಕಲು ಇದೇ ಸಮಯ ಎಂದು ಹೋದೆ. ಆಯುಧಪೂಜೆಗೆ ಅಕ್ಕ ಇಟ್ಟಿದ್ದ ಕುಂಕುಮ ನಾಲ್ಕು ಮುಚ್ಚಳಗಳ ಮೇಲೂ ಇತ್ತು.

ಹೊಸ ರಾಮ್ ಕಟ್ಟುವಾಗ ಮಾಡಿದ್ದ ಒಂದು ಸಣ್ಣ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಜುಲೈನ ಸಂರಚನಾ ಕಡತವನ್ನು ಹಾಗೆಯೇ ಹೊಸ ಆವೃತ್ತಿಗೆ ನಕಲು ಮಾಡಿದ್ದೆ. ಹೆಸರು ಬದಲಾದ ಆಯ್ಕೆಗಳು ಇದ್ದರೆ ಅವು ಸದ್ದಿಲ್ಲದೆ ಉದುರಿಹೋಗುತ್ತವೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಈಗ ನಾನು ಬದಲಾಯಿಸಿದ ಸಾಲುಗಳನ್ನು ಮಾತ್ರ ಉಳಿಸಿಕೊಂಡು, ಪ್ರತಿ ಸಲ ಪಟ್ಟಿಯಲ್ಲಿ ಕಣ್ಣಾರೆ ನೋಡಿ ಹಾಕುತ್ತೇನೆ.

ಈ ಸಲ ಒಂದೇ ರಾಮ್ ಒಯ್ದಿದ್ದೆ, ಒಂದನೆಯ ಯಂತ್ರದ ಭಾಗಗಳಿಂದ ಕಟ್ಟಿದ್ದು. ಕಾರಣ ಇತ್ತು. ಯಂತ್ರದ ಒಳಗಿನಿಂದ ಬರೆಯುವಾಗ ಬಯಾಸ್ ಭಾಗವನ್ನು ಮಾತ್ರ ಬರೆ ಎಂದು ಫ್ಲ್ಯಾಶ್‌ರಾಮ್‌ಗೆ ಹೇಳಬಹುದು. ಜಿಬಿಇ ಇದ್ದಲ್ಲೇ ಇರುತ್ತದೆ. ಆದ್ದರಿಂದ ನಾಲ್ಕಕ್ಕೂ ಒಂದೇ ಕಡತ ಸಾಕು. ಲೆಕ್ಕ ಸರಿಯಾಗಿಯೇ ಇತ್ತು. ಕರ್ನೆಲ್‌ಗೆ ಐಒಮೆಮ್ ಸಡಿಲಿಸುವ (ಒಳಗಿನಿಂದ ಚಿಪ್ ಮುಟ್ಟಲು ಬಿಡುವ) ಆಯ್ಕೆ ಕೊಟ್ಟು ಒಂದನೆಯದಕ್ಕೆ ಬರೆದೆ, ಆಯಿತು. ಎರಡನೆಯದೂ ಆಯಿತು.

ಮೂರನೆಯದು. ಅಳಿಸಿ ಬರೆಯಲಾಗುತ್ತಿದೆ ಎಂಬ ಸಾಲು ಪರದೆಯಲ್ಲಿ ಇದ್ದಾಗ ಕರೆಂಟು ಹೋಯಿತು. ಚಾರ್ಜ್ ಆಗದ ಆ ಬ್ಯಾಟರಿ ಒಂದು ಕ್ಷಣವೂ ಹಿಡಿಯಲಿಲ್ಲ. ಲ್ಯಾಪ್‌ಟಾಪ್‌ಗೆ ಕರೆಂಟು ಹೋದರೇನು, ಬ್ಯಾಟರಿ ಇದೆಯಲ್ಲ ಎಂಬ ರೂಢಿಯಲ್ಲಿ ಕೆಲಸ ಮಾಡಿದ್ದೆ. ಈ ಒಂದು ಯಂತ್ರಕ್ಕೆ ಅದು ಹೊಂದುವುದಿಲ್ಲ ಎಂದು ನೆನಪಾಗಲಿಲ್ಲ.

ಮತ್ತೆ ಚಾರ್ಜರ್‌ಗೆ ಕರೆಂಟು ಬಂದರೂ ಈಗ ಅದು ಏಳುವುದಿಲ್ಲ ಎಂದು ಗೊತ್ತಿತ್ತು. ಪೈ ಮತ್ತು ಕ್ಲಿಪ್ ಚೀಲದಲ್ಲೇ ಇದ್ದವು. ಪೈಯನ್ನು ಭಾವನ ಪವರ್‌ಬ್ಯಾಂಕ್‌ಗೆ ಸಿಕ್ಕಿಸಿ, ಯಂತ್ರ ಬಿಚ್ಚಿದೆ. ಕೈಯಲ್ಲಿದ್ದ 12 ಎಂಬಿ ರಾಮನ್ನು 8 ಮತ್ತು 4 ಎಂದು ತುಂಡು ಮಾಡಿ, ಎರಡು ಚಿಪ್‌ಗಳಿಗೂ ಪೂರ್ತಿ ಬರೆದೆ. ಅಕ್ಕ ಮೇಣದಬತ್ತಿ ಹಿಡಿದು ಪಕ್ಕದಲ್ಲಿ ಕುಳಿತಿದ್ದಳು. ಏಳೂವರೆಗೆ ಕರೆಂಟು ಬಂತು, ಯಂತ್ರ ಎದ್ದಿತು. ನಾಲ್ಕನೆಯದನ್ನೂ ಮುಗಿಸಿ ರಾತ್ರಿಯ ರೈಲು ಹಿಡಿದೆ. ಬಹಳ ಸಂತೋಷದಲ್ಲಿದ್ದೆ.

ತಪ್ಪಾದದ್ದು ಇಲ್ಲಿಯೇ. ಬಯಾಸ್ ಭಾಗವನ್ನು ಮಾತ್ರ ಬರೆಯುವಾಗ ನಿರಪಾಯವಾಗಿದ್ದ ಕಡತವನ್ನು, ಇಡೀ ಚಿಪ್‌ಗೆ ಬರೆಯಲು ಬಳಸಿದೆ. ದೊಡ್ಡ ಚಿಪ್‌ನ ಮೊದಲ 5 ಎಂಬಿಗೆ ಏನೂ ಆಗಿರಲಿಲ್ಲ. ಹಾಳಾದದ್ದು ಕೊನೆಯ 3 ಎಂಬಿ ಮತ್ತು ಚಿಕ್ಕ ಚಿಪ್ ಮಾತ್ರ. ಎರಡು ಸಾಲಿನ ಲೇಔಟ್ ಕಡತ (ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂಬ ಪಟ್ಟಿ) ಬರೆದು ಆ 3 ಎಂಬಿಯನ್ನಷ್ಟೇ ಬರೆ ಎಂದಿದ್ದರೆ ಸಾಕಿತ್ತು. ಅವಸರದಲ್ಲಿ, ಮೇಣದಬತ್ತಿಯ ಬೆಳಕಿನಲ್ಲಿ, ಪುಸ್ತಕದ ಮೊದಲ ಪುಟ ತೆರೆಯಲಿಲ್ಲ.

22 ಅಕ್ಟೋಬರ್, ಮಂಗಳವಾರ. ಅಕ್ಕನ ಫೋನ್

"ಒಂದು ಆನ್ ಮಾಡಿದರೆ ಇನ್ನೊಂದರಲ್ಲಿ ಏನೂ ಬರುವುದಿಲ್ಲ. ಒಂದನ್ನು ಆರಿಸಿದರೆ ಇನ್ನೊಂದು ಚೆನ್ನಾಗಿ ನಡೆಯುತ್ತದೆ. ನಾನು ಏನು ತಿಳಿದುಕೊಳ್ಳಲಿ ತಮ್ಮಾ?"

ಯಾವ ಯಾವುದು ಎಂದು ಕೇಳಿದೆ. ಒಂದು ಮತ್ತು ಮೂರು ಎಂದಳು. ಉತ್ತರ ಆ ಮಾತಿನಲ್ಲೇ ಇತ್ತು. ನಾನು ಕೇಬಲ್ ಇರಬೇಕು ಎಂದೆ.

27 ಅಕ್ಟೋಬರ್. ಹೊಸ ಕೇಬಲ್ 120 ರೂಪಾಯಿ, ಹೊಸ ಐದು ಪೋರ್ಟಿನ ಸ್ವಿಚ್ 650. ಎರಡೂ ಹಾಕಿದೆ. ನಾನಿದ್ದಾಗ ಅರ್ಧ ಗಂಟೆ ಸರಿಯಾಗಿದೆ ಎನಿಸಿತು, ಏಕೆಂದರೆ ಒಂದೊಂದನ್ನೇ ಪರೀಕ್ಷಿಸಿದೆ. ಎರಡನ್ನೂ ಒಟ್ಟಿಗೆ ಹಾಕಿ ನೋಡದೆ ಮೈಸೂರಿಗೆ ಹಿಂತಿರುಗಿದೆ. ರಾತ್ರಿ ಮತ್ತೆ ಫೋನ್.

3 ನವೆಂಬರ್, ಭಾನುವಾರ. ದೀಪಾವಳಿಯ ಊಟ ಅಲ್ಲಿಯೇ. ಒಂದು ಮತ್ತು ಮೂರನ್ನು ಪಕ್ಕಪಕ್ಕದಲ್ಲಿಟ್ಟು ಎರಡರಲ್ಲೂ ನೆಟ್‌ವರ್ಕ್ ವಿವರ ತೆರೆದೆ. ಹನ್ನೆರಡು ಅಂಕಿಯ ಮ್ಯಾಕ್ ವಿಳಾಸ ಎರಡರಲ್ಲೂ ಒಂದೇ. ರೌಟರ್ ಎರಡಕ್ಕೂ ಒಂದೇ ಐಪಿ ಕೊಟ್ಟಿತ್ತು, ಸ್ವಿಚ್‌ಗೆ ಒಂದೇ ಹೆಸರಿನವರು ಎರಡು ಬಾಗಿಲಲ್ಲಿ ಕಾಣುತ್ತಿದ್ದರು. ಅಕ್ಟೋಬರ್ 13ರ ಸಂಜೆ ತಟ್ಟನೆ ನೆನಪಾಯಿತು. ತಪ್ಪು ನನ್ನದು ಎಂದು ಅಕ್ಕನಿಗೆ ಹೇಳಿದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎರಡು ವಾರದಿಂದ ಮೂರನೆಯ ಯಂತ್ರದಲ್ಲಿ ವಿಜ್ಞಾನದ ಪಾಠ ನೋಡಲಾಗದೆ ಸುಮ್ಮನೆ ಎದ್ದುಹೋಗುತ್ತಿದ್ದಳಂತೆ. ಅದನ್ನು ಕೇಳಿ ಬಹಳ ಬೇಸರವಾಯಿತು.

ಯಂತ್ರವನ್ನು ಮೈಸೂರಿಗೆ ತಂದೆ. ಜುಲೈ 13ರ ಬ್ಯಾಕಪ್ ಮೂರನೆಯ ಫೋಲ್ಡರ್‌ನಲ್ಲಿ ಹಾಗೆಯೇ ಇತ್ತು. ಎರಡು ಚಿಪ್‌ಗಳ ಕಡತ ಜೋಡಿಸಿ, ಐಎಫ್‌ಡಿಟೂಲ್‌ನಿಂದ ಜಿಬಿಇ ತೆಗೆದು, ಮೊದಲ ಆರು ಬೈಟ್ ನೋಡಿದೆ: ಬೇರೆಯೇ ವಿಳಾಸ, ಇದೇ ಇದರ ನಿಜವಾದದ್ದು. ವಿಳಾಸದ ಅಂಕಿಗಳನ್ನು ಮಾತ್ರ ಕೈಯಲ್ಲಿ ತಿದ್ದಲು ಹೋಗಬಾರದು. ಆ ಭಾಗದ ಮೊದಲ 64 ಪದಗಳ (ಎರಡೆರಡು ಬೈಟಿನ ತುಣುಕುಗಳ) ಮೊತ್ತ ಹೆಕ್ಸ್, ಅಂದರೆ ಹದಿನಾರರ ಲೆಕ್ಕದಲ್ಲಿ ಬಿಎಬಿಎ ಎಂದೇ ಬರಬೇಕು, ಅಂಕಿ ಬದಲಾದರೆ ಮೊತ್ತವನ್ನೂ ಸರಿಮಾಡಬೇಕು; ಮೇಲಾಗಿ ಒಳಗೆ ಇದರ ಎರಡು ಪ್ರತಿಗಳಿವೆ. ಮೂಲದ 8 ಕೆಬಿಯನ್ನು ಇಡಿಯಾಗಿ 24.08ರ ರಾಮ್‌ಗೆ ಸೇರಿಸಿದೆ. ಡಿಸ್ಕ್ರಿಪ್ಟರ್‌ನ ಬೀಗ ಜುಲೈನಲ್ಲೇ ತೆಗೆದಿದ್ದರಿಂದ ಬಿಚ್ಚುವ ಅಗತ್ಯ ಬೀಳಲಿಲ್ಲ. ಒಳಗಿನಿಂದ ಜಿಬಿಇ ಭಾಗವನ್ನಷ್ಟೇ ಬರೆದೆ. ಈ ಸಲ ಎರಡನೆಯ ಯಂತ್ರದ ಒಳ್ಳೆಯ ಬ್ಯಾಟರಿಯನ್ನು ಕೇಳಿ ತಂದು ಹಾಕಿಕೊಂಡಿದ್ದೆ. ಪೂರ್ತಿ ಆರಿಸಿ, ಬ್ಯಾಟರಿ ತೆಗೆದು, ಮತ್ತೆ ಹಾಕಿದೆ. ವಿಳಾಸ ಸರಿಯಾಗಿ ಬಂತು. ಬರೆಯಲು ಹಿಡಿದದ್ದು ಒಂದು ನಿಮಿಷಕ್ಕಿಂತ ಕಡಿಮೆ.

ಲೆಕ್ಕ: ಒಟ್ಟು 3,460 ರೂಪಾಯಿ. ಅದರಲ್ಲಿ ಪ್ರೋಗ್ರಾಮರ್, ಬ್ಯಾಟರಿ, ಕೇಬಲ್, ಸ್ವಿಚ್ ಸೇರಿ 2,460 ತಪ್ಪು ಊಹೆಗೆ ಹೋಯಿತು. ಪೈ ಮೊದಲೇ ಇದ್ದದ್ದರಿಂದ ಸೇರಿಸಿಲ್ಲ.

10 ನವೆಂಬರ್. ಒಂದು ಮತ್ತು ಮೂರನ್ನು ಒಟ್ಟಿಗೆ ಹಾಕಿ, ಎರಡರಲ್ಲೂ ದೊಡ್ಡ ಕಡತ ಇಳಿಸಲು ಬಿಟ್ಟು ಒಂದು ಗಂಟೆ ಕುಳಿತು ನೋಡಿದೆ. ನಿಲ್ಲಲಿಲ್ಲ. ನಾಲ್ಕು ಯಂತ್ರಗಳ ತಳದ ಚೀಟಿಯಲ್ಲಿ ಸಂಖ್ಯೆಯ ಪಕ್ಕ ಮ್ಯಾಕ್ ವಿಳಾಸ ಬರೆದೆ. ಪೆನ್‌ಡ್ರೈವ್‌ನಲ್ಲಿ ಈಗ ನಾಲ್ಕು ಫೋಲ್ಡರ್; ಪ್ರತಿಯೊಂದರಲ್ಲಿ ಆ ಯಂತ್ರದ ಮೂಲ ಬ್ಯಾಕಪ್, ಜಿಬಿಇ, ಲೇಔಟ್ ಕಡತ. ಅದರ ಇನ್ನೊಂದು ಪ್ರತಿ ಅಕ್ಕನ ಬೀರುವಿನಲ್ಲಿದೆ. ಭಾವ ತಮ್ಮ ಅಂಗಡಿಯ ಹಳೆಯ ಯುಪಿಎಸ್ ತಂದು ಮೇಜಿನ ಕೆಳಗೆ ಇಟ್ಟರು. ಮೂರನೆಯ ಯಂತ್ರದ ಮುಚ್ಚಳದ ಒಳಬದಿಗೆ ಅಕ್ಕನ ದುಂಡು ಅಕ್ಷರದಲ್ಲೇ ಒಂದು ಚೀಟಿ ಬರೆಸಿ ಅಂಟಿಸಿದ್ದೇನೆ: "ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಬಯಾಸ್ ಬದಲಾಯಿಸುವ ಮುನ್ನ ಯುಪಿಎಸ್‌ಗೆ ಸಿಕ್ಕಿಸಿ."